ಪೇಷೆಂಟ್ ಕಡೆಯವರು ಯಾರು?

ಚಿಕ್ಕಬಳ್ಳಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ



ಈ ದತ್ತಿ ಒಬ್ಬ ತಾಯಿಯ ನೆನಪಿಗೆ ಇಟ್ಟದ್ದು. ಮಗಳ ಬಾಣಂತನಕ್ಕೆಂದು ಹೊರದೇಶಕ್ಕೆ ಹೋಗಿದ್ದ ಅವರು ಅಲ್ಲಿ ಕಾಯಿಲೆ ಬಿದ್ದರು. ಊರಿಗೆ ಮರಳುವ ವಿಮಾನದಲ್ಲಿ ರಾತ್ರಿಯಿಡೀ ಉಸಿರಿಗೆ ಒದ್ದಾಡಿದರು. ಮನೆ ಸೇರಿದರು, ಆದರೆ ಹೆಚ್ಚು ದಿನ ಉಳಿಯಲಿಲ್ಲ. "ಅಮ್ಮನ ಪಕ್ಕದಲ್ಲೇ ಕೂತಿದ್ದೆ ಸಿಸ್ಟರ್, ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ" ಎಂದು ಅವರ ಮಗ ನನಗೆ ಹೇಳಿದರು. ದತ್ತಿ ಉಪನ್ಯಾಸಕ್ಕೆ ಸಾಹಿತಿಯೊಬ್ಬರನ್ನು ಕರೆಯುವ ಬದಲು ನರ್ಸ್ ಒಬ್ಬಳನ್ನು ಕರೆದದ್ದು ಆ ಮಾತಿನಿಂದಾಗಿ.

ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಿಂತು ನಾವು ದಿನಕ್ಕೆ ಐವತ್ತು ಸಲ ಕೂಗುತ್ತೇವೆ: "ಪೇಷೆಂಟ್ ಕಡೆಯವರು ಯಾರ್ರೀ?" ಹೊರಗೆ ನೆಲದ ಮೇಲೆ ಟವಲ್ ಹಾಸಿಕೊಂಡು ಮಲಗಿದ್ದ ಯಾರೋ ದಡಬಡಿಸಿ ಎದ್ದು ಬರುತ್ತಾರೆ. ಅವರು ಅಣ್ಣನಾಗಿರಬಹುದು, ಸೊಸೆಯಾಗಿರಬಹುದು, ಪಕ್ಕದ ಮನೆಯವರೂ ಆಗಿರಬಹುದು. ಔಷಧಿ ಚೀಟಿ ಹಿಡಿದು ಓಡುವುದು, ಸಹಿ ಹಾಕುವುದು, ಫ್ಲಾಸ್ಕಿನಲ್ಲಿ ಗಂಜಿ ತರುವುದು, ಎಲ್ಲವೂ ಅವರದೇ. ಉಳಿದದ್ದನ್ನು ನೋಡಿಕೊಳ್ಳಲು ಒಳಗೆ ಡಾಕ್ಟರು, ನರ್ಸು, ಗೋಡೆಯ ಆಕ್ಸಿಜನ್ ಪೈಪು ಇರುತ್ತವೆ. ವಿಮಾನದಲ್ಲಿ ಇವು ಯಾವುವೂ ಇರುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ಆ ಮನುಷ್ಯನ ಇಡೀ ಆಸ್ಪತ್ರೆ ಎಂದರೆ ಪಕ್ಕದ ಸೀಟಿನವರು. ಆ ಸೀಟಿನಲ್ಲಿ ಯಾರಿರಬೇಕು ಎಂಬುದೇ ಇವತ್ತು ನಾನು ಮಾತಾಡುವ ವಿಷಯ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ರೇಷ್ಮೆಹುಳು ಸಾಕುವ ಮನೆಯಲ್ಲಿ ಹುಟ್ಟಿದೆ. ನರ್ಸಿಂಗ್ ಓದಿ ಬೆಂಗಳೂರಿನಲ್ಲಿ ಹನ್ನೊಂದು ವರ್ಷ ತೀವ್ರ ನಿಗಾ ಘಟಕದಲ್ಲಿ ದುಡಿದೆ. ಆಮೇಲೆ ಒಂಬತ್ತು ವರ್ಷದಿಂದ ರೋಗಿಗಳ ಜೊತೆ ವಿಮಾನದಲ್ಲಿ ಓಡಾಡುತ್ತಿದ್ದೇನೆ. ಇದಕ್ಕೆ ಮೆಡಿಕಲ್ ಎಸ್ಕಾರ್ಟ್ ಅನ್ನುತ್ತಾರೆ. ಇದು ಏರ್ ಆಂಬ್ಯುಲೆನ್ಸ್ ಅಲ್ಲ. ಅದು ರೋಗಿಗೆಂದೇ ಹಾರುವ ಬಾಡಿಗೆ ವಿಮಾನ; ಹೊಲ ಮಾರಿದರೂ ಕೆಲವರಿಗೆ ಅದರ ದುಡ್ಡು ಹೊಂದುವುದಿಲ್ಲ. ನಾವು ಹೋಗುವುದು ನೀವೆಲ್ಲ ಹೋಗುವ ವಿಮಾನದಲ್ಲೇ, ಟಿಕೆಟ್ ಕೊಂಡು. ರೋಗಿಯನ್ನು ಒಂದು ಆಸ್ಪತ್ರೆಯ ಹಾಸಿಗೆಯಿಂದ ಎಬ್ಬಿಸಿಕೊಂಡು ಇನ್ನೊಂದು ಊರಿನ ಹಾಸಿಗೆಗೆ ಒಪ್ಪಿಸುವವರೆಗೆ ಡಾಕ್ಟರೋ ನರ್ಸೋ ಒಬ್ಬರು ಕಣ್ಣು ಬಿಡದೆ ಜೊತೆಗಿರುತ್ತಾರೆ. ವೆಂಟಿಲೇಟರ್ ಮೇಲಿರುವವರಿಗೆ, ರಕ್ತದೊತ್ತಡ ನಿಲ್ಲದವರಿಗೆ ಈ ದಾರಿ ಆಗದು. ಪ್ರಾಣಾಪಾಯ ಕಳೆದಿದೆ, ಆದರೆ ಒಬ್ಬರೇ ಬಿಡುವ ಹಾಗಿಲ್ಲ ಎನ್ನುವವರಿಗೆ ಮಾತ್ರ.

ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಅದೇ ವರ್ಷ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ 108 ಆಂಬ್ಯುಲೆನ್ಸ್ ಬಂತು. ಅದಕ್ಕೆ ಒಂದು ವರ್ಷ ಮುಂಚೆಯಷ್ಟೇ ಕೋಲಾರದಿಂದ ಬೇರೆಯಾಗಿ ನಾವು ಸ್ವಂತ ಜಿಲ್ಲೆಯಾಗಿದ್ದೆವು. ಈಗ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಬರುವ ರೈಲು ಮಾರ್ಗದಲ್ಲೇ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ ಇದೆ. ಅಪಘಾತವಾದರೆ 108 ಬರುತ್ತದೆ, ಆಸ್ಪತ್ರೆಗೆ ಒಯ್ಯುತ್ತದೆ. ಮನೆಯಿಂದ ಹೊರಟರೆ ವಿಮಾನ ಒಂದೆರಡು ಗಂಟೆಯ ದಾರಿ. ಈ ಎರಡರ ನಡುವೆ, ಆಸ್ಪತ್ರೆಯಿಂದ ವಿಮಾನದ ಸೀಟಿನವರೆಗೆ, ಅಲ್ಲಿಂದ ಮತ್ತೊಂದು ಆಸ್ಪತ್ರೆಯವರೆಗೆ ರೋಗಿಯನ್ನು ಕೈಹಿಡಿದು ಕರೆದೊಯ್ಯುವವರು ಯಾರೆಂದು ನಮ್ಮಲ್ಲಿ ಯಾರೂ ಯೋಚಿಸಲಿಲ್ಲ.

ಕಾಯಿಲೆಯವರು ಊರಿಗೆ ಹೋಗಬೇಕೆಂದು ಹಂಬಲಿಸುವುದು ಹೊಸದೇನಲ್ಲ. ನಂದಿ ಬೆಟ್ಟದ ಮೇಲಿನ ಕಬ್ಬನ್ ಹೌಸ್ ನಿಮಗೆಲ್ಲ ಗೊತ್ತು. 1834ರಿಂದ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಆರೋಗ್ಯ ಕೆಟ್ಟು ಕೆಲಸ ಬಿಟ್ಟರು, ಇಂಗ್ಲೆಂಡಿಗೆಂದು ಹಡಗು ಹತ್ತಿದರು. ಏಪ್ರಿಲ್‌ನಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಇಷ್ಟು ವರ್ಷ ಆಳಿದವರಿಗೂ ಊರು ಸಿಗಲಿಲ್ಲ. ನಂದಿಗೆ ಹೋದಾಗಲೆಲ್ಲ ಆ ಮನೆಯ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಂದಿಯ ಮಾತು ಬಂದದ್ದು ಒಳ್ಳೆಯದಾಯಿತು. ವಿಮಾನದೊಳಗೆ ದೇಹಕ್ಕೆ ಏನಾಗುತ್ತದೆ ಎಂದು ತಿಳಿಯಲು ನಮಗೆ ಆ ಬೆಟ್ಟವೇ ಸಾಕು. ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ. ನಮ್ಮ ವಿಮಾನ ನಿಲ್ದಾಣ ಸುಮಾರು 915 ಮೀಟರ್. ವಿಮಾನ ಹತ್ತು ಸಾವಿರ ಮೀಟರ್ ಮೇಲೆ ಹಾರುವಾಗ ಒಳಗಿನ ಗಾಳಿಯನ್ನು ಯಂತ್ರ ಒತ್ತಿ ತುಂಬುತ್ತದೆ. ಆದರೆ ನೆಲದ ಮಟ್ಟಕ್ಕೆ ತುಂಬುವುದಿಲ್ಲ. ಒಳಗಿನ ಗಾಳಿಯ ಒತ್ತಡ ಎಂಟು ಸಾವಿರ ಅಡಿ, ಅಂದರೆ ಸುಮಾರು 2,400 ಮೀಟರ್ ಎತ್ತರದ ಜಾಗದಲ್ಲಿ ಇರುವಷ್ಟಕ್ಕೆ ಇಳಿಯಬಹುದು. ಹೊಸ ಮಾದರಿಯ ಕೆಲವು ವಿಮಾನಗಳಲ್ಲಿ ಆರು ಸಾವಿರ ಅಡಿಗೆ ನಿಲ್ಲಿಸುತ್ತಾರೆ. ನಂದಿ ಬಿಡಿ, ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಯೂ 1,930 ಮೀಟರ್ ಮಾತ್ರ. ಸೀಟಿಗೆ ಒರಗಿ ಊಟ ಮಾಡುತ್ತಿರುವ ನಾವು ಊಟಿಗಿಂತ ಎತ್ತರದ ಗಾಳಿಯನ್ನು ಉಸಿರಾಡುತ್ತಿರಬಹುದು.

ಆ ಗಾಳಿಯಲ್ಲಿ ಆಮ್ಲಜನಕದ ಪಾಲು ನೂರಕ್ಕೆ 21 ಇದ್ದೇ ಇರುತ್ತದೆ. ಒತ್ತಡ ಕಡಿಮೆಯಾದ್ದರಿಂದ ದೇಹಕ್ಕೆ ಸಿಗುವುದು ಮಾತ್ರ ಸಮುದ್ರಮಟ್ಟದಲ್ಲಿ ನೂರಕ್ಕೆ 15 ಇದ್ದಷ್ಟು. ಗಟ್ಟಿ ದೇಹದವರ ಬೆರಳಿಗೂ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿದರೆ 97 ಇದ್ದದ್ದು 92ರ ಆಸುಪಾಸಿಗೆ ಬಂದಿರುತ್ತದೆ. ಅವರಿಗೆ ಗೊತ್ತೂ ಆಗುವುದಿಲ್ಲ. ಬೀಡಿ ಸೇದಿಯೋ, ಸೌದೆ ಒಲೆಯ ಮುಂದೆ ನಲವತ್ತು ವರ್ಷ ಕೂತೋ ಶ್ವಾಸಕೋಶ ಸವೆದವರಿಗೆ ನೆಲದ ಮೇಲೇ 92 ಇರುತ್ತದೆ. ಅವರು ಮೇಲೆ ಹೋದರೆ ಎಲ್ಲಿಗೆ ಇಳಿಯುತ್ತದೆ? ದತ್ತಿಯ ತಾಯಿಗೆ ಆ ರಾತ್ರಿ ಆದದ್ದು ಇದೇ ಇರಬೇಕು ಎಂದು ನನ್ನ ಅನಿಸಿಕೆ. ಮಗ ಏನೂ ತಪ್ಪು ಮಾಡಲಿಲ್ಲ. ಬೆರಳಿಗೆ ಸಿಕ್ಕಿಸಿ ನೋಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು, ಗಾಳಿ ಹಿಗ್ಗುವ ವಿಷಯ. ಪೇಟೆಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಬೆಟ್ಟದ ಮೇಲೆ ಊದಿಕೊಂಡಿರುವುದನ್ನು ಮಕ್ಕಳು ನೋಡಿರುತ್ತೀರಿ. ದೇಹದೊಳಗೆ ಸಿಕ್ಕಿಕೊಂಡ ಗಾಳಿಯೂ ಹಾಗೆಯೇ. ದೇವನಹಳ್ಳಿಯಿಂದ ಹೊರಟರೆ ಐದನೇ ಒಂದು ಪಾಲಿನಷ್ಟು, ಸಮುದ್ರದ ಪಕ್ಕದ ದುಬೈನಿಂದ ಹೊರಟರೆ ಮೂರನೇ ಒಂದು ಪಾಲಿನಷ್ಟು ಹಿಗ್ಗುತ್ತದೆ. ಹೊಟ್ಟೆ ಆಪರೇಷನ್ ಆದ ಹೊಲಿಗೆಯ ಕೆಳಗೆ, ಕುಸಿದ ಶ್ವಾಸಕೋಶದ ಸುತ್ತ, ಹೊಸದಾಗಿ ಹಾಕಿದ ಪ್ಲಾಸ್ಟರಿನ ಒಳಗೆ ಈ ಹಿಗ್ಗುವಿಕೆ ಏನು ಮಾಡೀತೆಂದು ಯೋಚಿಸಿ. ಗಂಟಲಿನ ಟ್ಯೂಬನ್ನು ಹಿಡಿದಿಡುವ ಬಲೂನಿನಿಂದ ಗಾಳಿ ತೆಗೆದು ನೀರು ತುಂಬಿಸುವುದನ್ನು ನಾವು ಕಲಿಯುವುದು ಇದಕ್ಕೇ. 1995ರಲ್ಲಿ ಹಾಂಗ್‌ಕಾಂಗ್‌ನಿಂದ ಲಂಡನ್ನಿಗೆ ಹೊರಟ ವಿಮಾನದಲ್ಲಿ ಹೆಣ್ಣುಮಗಳೊಬ್ಬಳಿಗೆ ಎದೆನೋವು ಬಂತು. ನಿಲ್ದಾಣಕ್ಕೆ ಬರುವ ದಾರಿಯಲ್ಲಿ ಮೋಟಾರ್ ಬೈಕಿನಿಂದ ಬಿದ್ದಿದ್ದಳು. ಕೈಗಷ್ಟೇ ಪೆಟ್ಟಾಗಿದೆ ಅಂದುಕೊಂಡಿದ್ದಳು. ಎದೆಯೊಳಗೆ ಗಾಳಿ ಸೇರಿ ಶ್ವಾಸಕೋಶವನ್ನು ಒತ್ತುತ್ತಿತ್ತು. ಅದೇ ವಿಮಾನದಲ್ಲಿದ್ದ ಆಂಗಸ್ ವಾಲೇಸ್ ಮತ್ತು ಟಾಮ್ ವಾಂಗ್ ಎಂಬ ಡಾಕ್ಟರುಗಳು ಕೋಟು ನೇತುಹಾಕುವ ತಂತಿ, ಮೂತ್ರದ ಕ್ಯಾಥೆಟರ್, ನೀರಿನ ಬಾಟಲಿ, ಸೋಂಕು ತೊಳೆಯಲು ಬ್ರಾಂದಿ, ಇಷ್ಟರಲ್ಲೇ ಆ ಗಾಳಿ ಹೊರತೆಗೆದು ಆಕೆಯನ್ನು ಉಳಿಸಿದರು. ವಿಮಾನ ವೈದ್ಯರೆಲ್ಲ ಈ ಕಥೆ ಹೇಳುತ್ತಾರೆ. ನಾನು ಹೇಳುವುದು ಬೇರೆ ಕಾರಣಕ್ಕೆ: ಹತ್ತುವ ಮೊದಲು ಯಾರಾದರೂ ಆಕೆಯ ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದರೆ ಅಷ್ಟೆಲ್ಲ ಬೇಕಾಗುತ್ತಿರಲಿಲ್ಲವೇನೋ.

ಯಾವಾಗ ಹೊರಡಬೇಕು ಎನ್ನುವುದು ನಾನು ಮನೆಯಲ್ಲೇ ಕಲಿತ ಪಾಠ. ಚಾಕಿ ಹುಳು, ಅಂದರೆ ರೇಷ್ಮೆಯ ಮರಿಹುಳು, ತರಲು ಅಪ್ಪ ಬೆಳಗಿನ ಜಾವದ ತಂಪಿನಲ್ಲೇ ಹೊರಡುತ್ತಿದ್ದರು. ಎರಡನೇ ಜ್ವರ ಎದ್ದ, ಅಂದರೆ ಎರಡನೇ ಸಲ ಪೊರೆ ಬಿಟ್ಟ ಹುಳುವನ್ನೇ ತರುತ್ತಿದ್ದರು. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಲು ಬಿಡುತ್ತಿರಲಿಲ್ಲ. ರೋಗಿಗೂ ಅಂಥ ಹೊತ್ತು ಇದೆ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ, ಅಂದರೆ ಐಎಟಿಎ, ಇದಕ್ಕೊಂದು ವೈದ್ಯಕೀಯ ಕೈಪಿಡಿ ಮಾಡಿದೆ. ದೊಡ್ಡ ಹೊಟ್ಟೆ ಆಪರೇಷನ್ ಆಗಿದ್ದರೆ ಸುಮಾರು ಹತ್ತು ದಿನ ಕಳೆಯಬೇಕು. ಕುಸಿದ ಶ್ವಾಸಕೋಶ ಪೂರ್ತಿ ಹಿಗ್ಗಿ ಏಳು ದಿನವಾದರೂ ಆಗಬೇಕು. ಪ್ಲಾಸ್ಟರ್ ಹಾಕಿ ಎರಡು ದಿನ ಆಗಿಲ್ಲದಿದ್ದರೆ ಅದನ್ನು ಉದ್ದಕ್ಕೆ ಸೀಳಿ ಕಟ್ಟಬೇಕು. ಪಾರ್ಶ್ವವಾಯು ಬಡಿದು ನಾಲ್ಕು ದಿನದೊಳಗೆ ಹೊರಡಬಾರದು. 14 ದಿನದೊಳಗೆ ಹೊರಡುವುದಿದ್ದರೆ ನರ್ಸ್ ಜೊತೆಗಿರಲಿ ಎನ್ನುತ್ತದೆ ಅದು.

ಚಿಂತಾಮಣಿ ಕಡೆಯ ಒಬ್ಬ ತಾತ, ಟೊಮೆಟೊ ಮಂಡಿಯಲ್ಲಿ ಬಾಳೆಲ್ಲ ಕಳೆದವರು. ದೆಹಲಿಯಲ್ಲಿ ಮಗನ ಮನೆಗೆ ಹೋದಾಗ ಎಡಭಾಗಕ್ಕೆ ಪಾರ್ಶ್ವವಾಯು ಹೊಡೆಯಿತು. ಹನ್ನೆರಡನೇ ದಿನ ನಾನು ಕರೆದುಕೊಂಡು ಬಂದೆ. ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ವ್ಯಾಪಾರಕ್ಕೆ ಬೇಕಾದಷ್ಟು ಹಿಂದಿಯೂ ಬರುತ್ತಿತ್ತಂತೆ. ಕಾಯಿಲೆ ಆದ ಮೇಲೆ ಬಾಯಲ್ಲಿ ಉಳಿದದ್ದು ತಾಯಿಯ ಕಾಲದ ತೆಲುಗು ಮಾತ್ರ, ಅದೂ ತೊದಲು. ವಿಮಾನ ಏರಿದ ಮೇಲೆ "ನೀಳ್ಳು, ನೀಳ್ಳು" ಅಂದರು. ಗಗನಸಖಿಗೆ ಅರ್ಥವಾಗಲಿಲ್ಲ. ಸಾಲಿನ ಆಚೆ ಕೂತಿದ್ದ ಒಬ್ಬರಿಗೆ ಅರ್ಥವಾಯಿತು, ಪಾಪ, ಪ್ರೀತಿಯಿಂದ ತಮ್ಮ ನೀರಿನ ಬಾಟಲಿಯನ್ನೇ ತಾತನ ತುಟಿಗೆ ಹಿಡಿಯಲು ಬಂದರು. ನಾನು ಕೈ ಅಡ್ಡ ಹಿಡಿದೆ. ತಾತನಿಗೆ ನುಂಗುವ ಶಕ್ತಿ ಅರ್ಧ ಹೋಗಿತ್ತು. ತೆಳ್ಳಗಿನ ನೀರು ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿತ್ತು. ಪುಡಿ ಬೆರೆಸಿ ಗಂಜಿಯ ಹದಕ್ಕೆ ಗಟ್ಟಿ ಮಾಡಿದ ನೀರು ನನ್ನ ಚೀಲದಲ್ಲಿತ್ತು. ಬೆನ್ನು ನೆಟ್ಟಗೆ ಮಾಡಿ, ಗದ್ದ ತಗ್ಗಿಸಿ, ಒಂದೊಂದೇ ಚಮಚ ಕುಡಿಸಿದೆ. ವಿಮಾನದ ಗಾಳಿಯಲ್ಲಿ ತೇವ ಬಹಳ ಕಡಿಮೆ. ಅವರ ನಾಲಿಗೆ ಒಣಗಿ ಅಂಟಿಕೊಂಡಿತ್ತು. ಮುಗಿಸಿದ ಮೇಲೆ ಬಲಗೈಯಲ್ಲಿ ನನ್ನ ಕೈ ಹಿಡಿದುಕೊಂಡವರು ದೇವನಹಳ್ಳಿವರೆಗೂ ಬಿಡಲಿಲ್ಲ. ನೀರು ಕೊಡಲು ಬಂದ ಪ್ರಯಾಣಿಕರದು ಒಳ್ಳೆಯ ಮನಸ್ಸು. ಆ ಮನಸ್ಸೊಂದೇ ಇದ್ದಿದ್ದರೆ ತಾತ ನ್ಯುಮೋನಿಯಾ ಹೊತ್ತು ಇಳಿಯಬಹುದಿತ್ತು. ಭಾಷೆಯೊಂದೇ ತಿಳಿದಿದ್ದರೂ ಸಾಲದು, ವೈದ್ಯವೊಂದೇ ತಿಳಿದಿದ್ದರೂ ಸಾಲದು. ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬಿದ್ದು ಬೆಳೆದ ನಮ್ಮ ಸೀಮೆಯ ಹುಡುಗಿಯರು ಈ ಕೆಲಸಕ್ಕೆ ಬರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಈಗ ಕಾಗದದ ವಿಷಯ. ಇತ್ತೀಚೆಗೆ ಕಾಯಿಲೆ ಬಿದ್ದವರು, ಆಪರೇಷನ್ ಆದವರು, ಆಕ್ಸಿಜನ್ ಬೇಕಾದವರು, ಸ್ಟ್ರೆಚರ್ ಮೇಲೆ ಹೋಗುವವರು ಮೆಡಿಫ್ ಎಂಬ ನಮೂನೆ ತುಂಬಿ ವಿಮಾನ ಕಂಪನಿಗೆ ಕೊಡಬೇಕು. ಒಂದು ಭಾಗ ಮನೆಯವರದು, ಇನ್ನೊಂದು ಭಾಗ ನೋಡುತ್ತಿರುವ ಡಾಕ್ಟರದು. ಕಂಪನಿಯ ವೈದ್ಯರು ಅದನ್ನು ನೋಡಿ ಒಪ್ಪಬೇಕು. ತಾಲ್ಲೂಕು ಊರುಗಳಲ್ಲಿ ಈ ನಮೂನೆಯನ್ನು ಕಂಡ ಡಾಕ್ಟರು ಸಿಗುವುದು ಕಷ್ಟ. ಒಂದು ಸಹಿಗಾಗಿ ರೋಗಿಯನ್ನು ಮಲಗಿಸಿಕೊಂಡು ಬೆಂಗಳೂರಿಗೆ ಎರಡು ಸಲ ಹೋಗಿ ಬಂದ ಕುಟುಂಬ ನನಗೆ ಗೊತ್ತು.

ವೀಲ್‌ಚೇರ್ ಎಂದು ಟಿಕೆಟಿನಲ್ಲಿ ಬರೆಸಿದರೆ ಸಾಕು ಎಂದು ಜನ ತಿಳಿದಿದ್ದಾರೆ. ಅದರಲ್ಲಿ ಮೂರು ಬಗೆ. ಡಬ್ಲ್ಯುಸಿಎಚ್‌ಆರ್ ಅಂದರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು. ಡಬ್ಲ್ಯುಸಿಎಚ್‌ಎಸ್ ಅಂದರೆ ಮೆಟ್ಟಿಲು ಹತ್ತಲಾರರು, ಒಳಗೆ ಸೀಟಿನವರೆಗೆ ನಡೆಯಬಲ್ಲರು. ಡಬ್ಲ್ಯುಸಿಎಚ್‌ಸಿ ಅಂದರೆ ಸೀಟಿನವರೆಗೂ ಎತ್ತಿಯೇ ಒಯ್ಯಬೇಕು. ಕೊನೆಯ ಒಂದು ಅಕ್ಷರ ತಪ್ಪಿದ್ದಕ್ಕೆ ಸೊಂಟ ಮುರಿದ ಅಜ್ಜಿಯೊಬ್ಬರು ಬಿಸಿಲಿನಲ್ಲಿ ವಿಮಾನದ ಏಣಿಯ ಕೆಳಗೆ ಕಾದದ್ದನ್ನು ಕಣ್ಣಾರೆ ನೋಡಿದ್ದೇನೆ. ಹಾಗೆಯೇ ಮನೆಯ ಆಕ್ಸಿಜನ್ ಸಿಲಿಂಡರನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಒಪ್ಪಿಗೆ ಪಡೆದ ಪೋರ್ಟಬಲ್ ಕಾನ್ಸಂಟ್ರೇಟರ್ ಒಯ್ಯಬಹುದು, ಹಾರಾಟದ ಹೊತ್ತಿನ ಒಂದೂವರೆ ಪಟ್ಟು ಬ್ಯಾಟರಿ ಇರಬೇಕು. ಇದರಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಹಾರಾಟದ ಹೊತ್ತನ್ನು ಲೆಕ್ಕ ಹಾಕಿ, ನಡುವೆ ವಿಮಾನ ಬದಲಿಸುವ ಊರಿನಲ್ಲಿ ಕಾಯುವ ಹೊತ್ತನ್ನು ಬಿಟ್ಟುಬಿಟ್ಟಿದ್ದೆ. ಮುಂದಿನ ವಿಮಾನ ತಡವಾಯಿತು. ರೋಗಿಯನ್ನು ತಳ್ಳಿಕೊಂಡು ಕರೆಂಟಿನ ಪ್ಲಗ್ ಹುಡುಕಿದ ಆ ಇಪ್ಪತ್ತು ನಿಮಿಷ ಈಗಲೂ ಕನಸಿಗೆ ಬರುತ್ತದೆ. ಅಂದಿನಿಂದ ಮನೆ ಬಾಗಿಲಿಂದ ಮನೆ ಬಾಗಿಲವರೆಗೆ ಲೆಕ್ಕ ಹಾಕುತ್ತೇನೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಅಂಗವಿಕಲತೆ ಕಾಯಿಲೆಯಲ್ಲ. 2012ರಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ ಸೀಟಿನಲ್ಲಿ ಕೂತಿದ್ದಾಗ ಅವರನ್ನು ಕೋಲ್ಕತ್ತದಲ್ಲಿ ವಿಮಾನದಿಂದ ಇಳಿಸಿದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2016ರಲ್ಲಿ ಕೋರ್ಟು ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಜೊತೆಗೆ ನರ್ಸ್ ಇರಲಿ ಎಂಬ ನನ್ನ ಮಾತನ್ನು ಹಿಡಿದುಕೊಂಡು ಗಾಲಿಕುರ್ಚಿಯಲ್ಲಿ ಸ್ವತಂತ್ರವಾಗಿ ಓಡಾಡುವವರನ್ನು ಯಾರೂ ತಡೆಯಬಾರದು.

ಮತ್ತೆ ಕಾಯಿಲೆಯವರ ವಿಷಯಕ್ಕೆ ಬರುತ್ತೇನೆ. 2023ರ ಆಗಸ್ಟ್ 27ರಂದು ನಮ್ಮ ಇದೇ ದೇವನಹಳ್ಳಿ ನಿಲ್ದಾಣದಿಂದ ದೆಹಲಿಗೆ ಹೊರಟ ವಿಮಾನದಲ್ಲಿ ಒಂದು ಹೆಣ್ಣುಮಗು ಇತ್ತು. ಹುಟ್ಟಿನಿಂದ ಹೃದಯದ ತೊಂದರೆ, ಶಸ್ತ್ರಚಿಕಿತ್ಸೆ ಆಗಿತ್ತು. ಮೇಲೆ ಹೋದ ಮೇಲೆ ತುಟಿ, ಬೆರಳು ನೀಲಿಗಟ್ಟಿದವು, ನಾಡಿ ನಿಂತಿತು. ಸಮ್ಮೇಳನ ಮುಗಿಸಿ ಹಿಂತಿರುಗುತ್ತಿದ್ದ ದೆಹಲಿ ಏಮ್ಸ್‌ನ ಐವರು ಡಾಕ್ಟರುಗಳು ಅದೇ ವಿಮಾನದಲ್ಲಿದ್ದರು. ಮುಕ್ಕಾಲು ಗಂಟೆ ಬಡಿದಾಡಿ ಹೃದಯ ಮತ್ತೆ ಮಿಡಿಯುವಂತೆ ಮಾಡಿದರು. ವಿಮಾನವನ್ನು ನಾಗಪುರದಲ್ಲಿ ಇಳಿಸಿದರು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಮಗು ತೀರಿಕೊಂಡಿತು. ಜೊತೆಗೆ ಯಾರಿದ್ದರೂ ಆ ಮಗು ಉಳಿಯುತ್ತಿತ್ತು ಎಂದು ಹೇಳಲಾರೆ, ಆ ತಂದೆತಾಯಿಯ ಕಡೆ ಬೆರಳು ತೋರಿಸಲಂತೂ ಆಗದು. ಆದರೆ ಐವರು ಡಾಕ್ಟರು ಎಲ್ಲ ವಿಮಾನದಲ್ಲೂ ಇರುವುದಿಲ್ಲ. 2013ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ, ಪ್ರತಿ 604 ಹಾರಾಟಕ್ಕೆ ಒಂದು ವೈದ್ಯಕೀಯ ತುರ್ತು ಬರುತ್ತದೆ. ಅವುಗಳಲ್ಲಿ ಅರ್ಧದಷ್ಟು ಸಲ ಮಾತ್ರ ಪ್ರಯಾಣಿಕರಲ್ಲಿದ್ದ ಡಾಕ್ಟರೊಬ್ಬರು ನೆರವಿಗೆ ಬಂದಿದ್ದಾರೆ.

ನಾನು ಹೆಚ್ಚು ಓಡಾಡಿದ್ದು ಕೊಲ್ಲಿ ದೇಶಗಳಿಗೆ. ಶಿಡ್ಲಘಟ್ಟ, ಚಿಂತಾಮಣಿಯ ಎಷ್ಟೋ ಬೀದಿಗಳಲ್ಲಿ ಅಲ್ಲಿಗೆ ಡ್ರೈವರ್ ಕೆಲಸಕ್ಕೋ ಮನೆಗೆಲಸಕ್ಕೋ ಹೋದವರಿದ್ದಾರೆ. ಶಿಡ್ಲಘಟ್ಟದ ಒಬ್ಬರು ಅಲ್ಲಿ ಬೆನ್ನುಮೂಳೆಗೆ ಪೆಟ್ಟು ಬಿದ್ದು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರು. ಸ್ಟ್ರೆಚರ್ ಹಾಕಲು ಸಾಮಾನ್ಯವಾಗಿ ಆರು ಸೀಟು ಮಡಚಬೇಕು, ಕೆಲವು ವಿಮಾನಗಳಲ್ಲಿ ಒಂಬತ್ತು. ಅಷ್ಟೂ ಸೀಟಿನ ದುಡ್ಡು ಕಟ್ಟಬೇಕು. ದುಡ್ಡಿಗೆ ಊರಿನ ಮಸೀದಿಯಲ್ಲೂ ರೇಷ್ಮೆಗೂಡು ಮಾರುಕಟ್ಟೆಯಲ್ಲೂ ಚಂದಾ ಎತ್ತಿದರು. ಎಮಿಗ್ರೇಷನ್ ಚೆಕ್ ಬೇಕಾದ ಪಾಸ್‌ಪೋರ್ಟಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು, ತೆರಿಗೆ ಬೇರೆ. ಅಪಘಾತದಲ್ಲಿ ಸಾವಿಗೋ ಶಾಶ್ವತ ಊನಕ್ಕೋ ಹತ್ತು ಲಕ್ಷದ ವಿಮೆ. ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯೂ ಇದೆ. ಕಷ್ಟದಲ್ಲಿರುವವರ ಚಿಕಿತ್ಸೆಗೆ, ಊರಿಗೆ ಮರಳುವ ಟಿಕೆಟಿಗೆ ಅದರಿಂದ ನೆರವು ಕೇಳಬಹುದು. ಶಿಡ್ಲಘಟ್ಟದ ಆ ಮನೆಯಲ್ಲಿ ವಿಮೆಯ ಕಾಗದ ಎಲ್ಲಿದೆಯೆಂದೇ ಯಾರಿಗೂ ಗೊತ್ತಿರಲಿಲ್ಲ. ಮಗನನ್ನು ಕಳಿಸುವಾಗ ಆ ಕಾಗದದ ಒಂದು ಪ್ರತಿಯನ್ನು ಬೀರುವಿನಲ್ಲಿ ಇಟ್ಟುಕೊಳ್ಳಿ ತಾಯಂದಿರೇ, ಕೈಮುಗಿದು ಕೇಳುತ್ತೇನೆ.

ಬೆನ್ನುಮೂಳೆಗೆ ಪೆಟ್ಟು ಬಿದ್ದಿದ್ದ ಅವರನ್ನು ವಿಮಾನದಿಂದ ಇಳಿಸಿಕೊಂಡು ಆಂಬ್ಯುಲೆನ್ಸಿನಲ್ಲಿ ದೇವನಹಳ್ಳಿ, ವಿಜಯಪುರ ದಾಟಿ ಬರುವಾಗ ಅವರಿಗೆ ಛಾವಣಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಪೇಟೆ ಹತ್ತಿರವಾದಾಗ ಗೂಡು ಬೇಯಿಸುವ ವಾಸನೆ ಒಳಗೆ ಬಂತು. "ಅಕ್ಕಾ, ಊರು ಬಂತಲ್ವಾ" ಅಂದರು.

ಬೇಡವೆಂದು ಹೇಳಿದ್ದೂ ಉಂಟು. ಗೌರಿಬಿದನೂರಿನ ಒಬ್ಬ ಅಜ್ಜಿಗೆ ಮೊಮ್ಮಗನ ನಾಮಕರಣಕ್ಕೆ ಹೋಗಲೇಬೇಕಿತ್ತು. ಸುಮ್ಮನೆ ಕೂತಾಗಲೇ ಆಮ್ಲಜನಕ 88 ತೋರಿಸುತ್ತಿತ್ತು. ಈ ಸ್ಥಿತಿಯಲ್ಲಿ ಕರೆದೊಯ್ಯಲಾರೆ ಅಂದೆ. ಅವರು ನನ್ನ ಜೊತೆ ಮಾತು ಬಿಟ್ಟರು. ನಾಲ್ಕು ತಿಂಗಳು ಚಿಕಿತ್ಸೆಯಾದ ಮೇಲೆ ಕಾನ್ಸಂಟ್ರೇಟರ್ ಜೊತೆ ಹೋಗಿ ಬಂದೆವು. ಟಿಕೆಟಿನ ದುಡ್ಡು ಬರುತ್ತದೆಂದು ಎಲ್ಲರನ್ನೂ ಒಪ್ಪಿಕೊಳ್ಳುವ ಏಜೆನ್ಸಿಗಳೂ ಇವೆ, ಆರು ತಿಂಗಳ ಅನುಭವವಿಲ್ಲದವರಿಗೆ ಬಿಳಿಕೋಟು ತೊಡಿಸಿ ಕಳಿಸುವವರೂ ಇದ್ದಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದೇ ಹೋದ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂದು ಬದುಕಿಡೀ ಹೇಳಿದರು. ಏಜೆನ್ಸಿಯವರನ್ನೂ ಕೇಳಿ. ಬರುವವರು ಐಸಿಯುನಲ್ಲಿ ಎಷ್ಟು ವರ್ಷ ದುಡಿದಿದ್ದಾರೆ? ಹೊರಡುವ ಮೊದಲು ಅವರೇ ಬಂದು ರೋಗಿಯನ್ನು ನೋಡುತ್ತಾರೋ? ದಾರಿಯಲ್ಲಿ ಹದಗೆಟ್ಟರೆ ಯಾವ ಡಾಕ್ಟರಿಗೆ ಫೋನು? ಇಳಿದ ಊರಿನಲ್ಲಿ ಯಾರ ಕೈಗೆ ಒಪ್ಪಿಸುತ್ತಾರೆ?

ನಾನು ಕೇಳುವುದು ದೊಡ್ಡದೇನಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಮೇಜು, ಮೆಡಿಫ್ ತುಂಬಲು ತಿಳಿದ ಒಬ್ಬ ಡಾಕ್ಟರು, ವಾರಕ್ಕೆ ಒಂದು ದಿನ ಸಾಕು. ವಿಮಾನ ವೈದ್ಯವನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ 1957ರಿಂದ ಬೆಂಗಳೂರಿನಲ್ಲೇ ಇದೆ. ಅಲ್ಲಿನ ಅನುಭವಿಗಳೊಬ್ಬರನ್ನು ವರ್ಷಕ್ಕೊಮ್ಮೆ ನಮ್ಮ ನರ್ಸಿಂಗ್ ಕಾಲೇಜುಗಳಿಗೆ ಕರೆಸಿ ಎರಡು ವಾರ ಪಾಠ ಮಾಡಿಸಿದರೆ, ಈ ದತ್ತಿಯ ಬಡ್ಡಿಯಲ್ಲೇ ಅದರ ಖರ್ಚು ಮುಗಿದೀತು ಎಂದು ದತ್ತಿದಾರರು ನನಗೆ ಹೇಳಿದ್ದಾರೆ. ಅವರ ಅನುಮತಿ ಪಡೆದೇ ಇದನ್ನು ಇಲ್ಲಿ ಹೇಳುತ್ತಿದ್ದೇನೆ.

ನನ್ನ ಚೀಲವನ್ನು ತಂದಿದ್ದೇನೆ. ಆಕ್ಸಿಮೀಟರ್, ಬಿಪಿ ಯಂತ್ರ, ಗ್ಲುಕೋಮೀಟರ್, ಕೈಯಲ್ಲಿ ಒತ್ತುವ ಸಕ್ಷನ್, ಅಂಬು ಬ್ಯಾಗ್, ನೀರು ಗಟ್ಟಿ ಮಾಡುವ ಪುಡಿ, ಔಷಧಿಗಳು ಅಂಗಡಿಯ ಪೊಟ್ಟಣದಲ್ಲೇ, ಚೀಟಿಯ ಸಮೇತ. ಕಾಫಿ ಆದ ಮೇಲೆ ನರ್ಸಿಂಗ್ ವಿದ್ಯಾರ್ಥಿಗಳು ಈ ಮೇಜಿನ ಹತ್ತಿರ ಬನ್ನಿ. ಒಂದೊಂದನ್ನೂ ತೆಗೆದು ತೋರಿಸುತ್ತೇನೆ, ಕೈಯಲ್ಲಿ ಹಿಡಿದು ನೋಡಿ.